ಡಿಪ್ಲೊಮಾಕ್ಕೆ ಸೇರಿಸುವ ಮುನ್ನ ಲೆಕ್ಕ ಹಾಕಿರಿ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ರಾಯಚೂರಿನ ಅಕ್ಕಿ ಗಿರಣಿ, ಹತ್ತಿ ಗಿರಣಿಗಳ ಕಾರ್ಮಿಕರ ಮನೆಗಳಲ್ಲಿಯೂ, ಬಜಾರಿನ ಸಣ್ಣ ಅಂಗಡಿಕಾರರ ಮನೆಗಳಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ. ಹುಡುಗನನ್ನು ಎಲೆಕ್ಟ್ರಿಕಲ್ ಡಿಪ್ಲೊಮಾಕ್ಕೆ ಸೇರಿಸಬೇಕೇ, ಐ.ಟಿ.ಐ.ಗೆ ಕಳುಹಿಸಬೇಕೇ, ಅಥವಾ ದುಡಿಮೆಗೆ ಹಚ್ಚಬೇಕೇ? ಶಕ್ತಿನಗರದ 1,720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡಿಕೊಂಡೇ ಬೆಳೆದ ಹುಡುಗರಿಗೆ ಕರೆಂಟಿನ ಓದಿನ ಮೇಲೆ ಆಸೆ ಹುಟ್ಟುವುದು ಸಹಜ. ಆಸೆ ತಪ್ಪಲ್ಲ. ಲೆಕ್ಕವಿಲ್ಲದೆ ಸಾಲ ಮಾಡುವುದು ತಪ್ಪು.

ಮೊದಲು ಖರ್ಚಿನ ಬಾಬನ್ನು ನೋಡೋಣ. ತಂದೆತಾಯಿಗಳು ಖರ್ಚೆಂದರೆ ಫೀಜು, ಪುಸ್ತಕ, ಬಸ್ಸಿನ ಪಾಸು ಎಂದಷ್ಟೇ ಎಣಿಸುತ್ತಾರೆ. ಸರ್ಕಾರಿ ಸಂಸ್ಥೆಗಳಲ್ಲಿ ಇದು ದೊಡ್ಡ ಮೊತ್ತವಲ್ಲ. ನಿಜವಾದ ಖರ್ಚು ಕಣ್ಣಿಗೆ ಕಾಣದು. ಅದು ಓದುವ ವರ್ಷಗಳಲ್ಲಿ ಮನೆಗೆ ಬಾರದೆ ಹೋಗುವ ಕೂಲಿ. ದಿನಕ್ಕೆ 300 ರೂಪಾಯಿ, ತಿಂಗಳಿಗೆ 25 ದಿನದ ಕೆಲಸವೆಂದು ಇಟ್ಟುಕೊಂಡರೆ ವರ್ಷಕ್ಕೆ 90,000 ರೂಪಾಯಿ ಆಯಿತು. ಐ.ಟಿ.ಐ.ಯ ಎಲೆಕ್ಟ್ರೀಷಿಯನ್ ತರಬೇತಿ ಎರಡು ವರ್ಷ, ಅಲ್ಲಿಗೆ 1,80,000. ಡಿಪ್ಲೊಮಾ ಮೂರು ವರ್ಷ, ಅಲ್ಲಿಗೆ 2,70,000. ಹದಿನೆಂಟು ತುಂಬದ ಹುಡುಗನನ್ನು ಅಪಾಯದ ಕೆಲಸಕ್ಕೆ ಹಚ್ಚುವುದು ಕಾನೂನಿಗೆ ವಿರುದ್ಧವಾದುದರಿಂದ ಈ ಕೂಲಿ ಎಲ್ಲರಿಗೂ ಪೂರ್ತಿ ಸಿಕ್ಕೀತೆಂದು ಹೇಳಲಾಗದು. ಆದರೂ ಎರಡು ಓದುಗಳ ನಡುವೆ ಒಂದು ವರ್ಷದ ದುಡಿಮೆಯ ಅಂತರವಿದೆ ಎಂಬುದನ್ನು ಮರೆಯಬಾರದು.

ಇನ್ನು ಜಮೆಯ ಬಾಬು. ಓದು ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದವನಿಗೆ 2019ರ ತಿದ್ದುಪಡಿ ನಿಯಮಗಳು ಗೊತ್ತುಪಡಿಸಿದ ಕನಿಷ್ಠ ಭತ್ಯೆ ಎಷ್ಟು? ಐ.ಟಿ.ಐ. ಮುಗಿಸಿದವನಿಗೆ ತಿಂಗಳಿಗೆ 7,000, ಡಿಪ್ಲೊಮಾ ಪಡೆದವನಿಗೆ 8,000. ಅಂತರ ಒಂದೇ ಸಾವಿರ! ಮುಂದೆಯೂ ಇದೇ ಅಂತರ ಉಳಿದರೆ ಹೆಚ್ಚಿನ ಒಂದು ವರ್ಷದ 90,000 ರೂಪಾಯಿ ಮರಳಿ ಬರಲು 90 ತಿಂಗಳು ಬೇಕು, ಎಂದರೆ ಏಳೂವರೆ ವರ್ಷ. ಅಂತರ ಹತ್ತು ಸಾವಿರವಾದರೆ ಒಂಬತ್ತೇ ತಿಂಗಳು ಸಾಕು. ಆದುದರಿಂದ ಡಿಪ್ಲೊಮಾದ ಲಾಭವಿರುವುದು ಕಾಗದದಲ್ಲಲ್ಲ, ಅದು ತೆರೆಯುವ ಬಾಗಿಲಿನಲ್ಲಿ. ಬಾಗಿಲು ತೆರೆಯದಿದ್ದರೆ ಅದು ಕನ್ನಡಿಯೊಳಗಿನ ಗಂಟು. ಸರ್ಕಾರವೇ 2023ರಲ್ಲಿ ಯುವನಿಧಿ ಯೋಜನೆಯನ್ನು ಸಾರಿದಾಗ ಕೆಲಸ ಸಿಗದ ಡಿಪ್ಲೊಮಾದವರಿಗೂ ತಿಂಗಳಿಗೆ 1,500 ರೂಪಾಯಿ ಗೊತ್ತುಮಾಡಬೇಕಾಯಿತು. ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಯಾವ ಬಾಗಿಲಿಗೆ ಯಾವ ಕೀಲಿ? ಕಂಬ ಹತ್ತುವ ಕೆಲಸಕ್ಕೆ ಡಿಪ್ಲೊಮಾ ಬೇಡ. 2024ರಲ್ಲಿ ವಿದ್ಯುತ್ ಪ್ರಸರಣ ನಿಗಮವೂ ಸರಬರಾಜು ಕಂಪನಿಗಳೂ ಸೇರಿ 2,542 ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ್ದು ಎಸ್.ಎಸ್.ಎಲ್.ಸಿ.ಯನ್ನು ಮಾತ್ರ. ಆ ಕೆಲಸದ ಮೇಲೆ ಕಣ್ಣಿಟ್ಟ ಹುಡುಗ ಹತ್ತನೆಯ ತರಗತಿಯ ಅಂಕಗಳನ್ನೇ ಕಾಪಾಡಿಕೊಳ್ಳಬೇಕು. ಕಿರಿಯ ಇಂಜಿನಿಯರ್ ಹುದ್ದೆಗಾದರೋ ಡಿಪ್ಲೊಮಾ ಬೇಕೇ ಬೇಕು, ಐ.ಟಿ.ಐ. ಸಾಲದು. ಡಿಪ್ಲೊಮಾ ಆದವನು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದು. ಸ್ವಂತವಾಗಿ ವಯರಿಂಗ್ ಗುತ್ತಿಗೆ ಹಿಡಿಯಬೇಕೆನ್ನುವವರಿಗೆ ಲೈಸೆನ್ಸು ಬೇಕು. ಊರಲ್ಲಿ ಎಷ್ಟು ಹೆಸರಿದ್ದರೂ ಲೈಸೆನ್ಸಿಲ್ಲದವನು ಇನ್ನೊಬ್ಬನ ಹೆಸರಿನಲ್ಲಿ ದುಡಿಯಬೇಕಾಗುತ್ತದೆ.

"ಮಾಸ್ತರರೇ, ವಿದ್ಯೆಯನ್ನೂ ತಕ್ಕಡಿಯಲ್ಲಿ ತೂಗುವಿರಾ?" ಎಂದು ಕೇಳುವವರು ಇದ್ದಾರೆ. ತೂಗಲೇಬೇಕು. ತೂಗದೆ ಇರುವ ಭಾಗ್ಯ ಉಳ್ಳವರಿಗೆ ಮಾತ್ರ ಉಂಟು. ಹಮಾಲಿ ಮಾಡುವವನ ಮಗ ಮೂರನೆಯ ವರ್ಷದಲ್ಲಿ ಓದು ಬಿಟ್ಟರೆ ಎರಡು ವರ್ಷದ ಕೂಲಿಯೂ ಹೋಯಿತು, ಕೈಯಲ್ಲಿ ಸರ್ಟಿಫಿಕೇಟೂ ಇಲ್ಲ. ಐ.ಟಿ.ಐ.ಯಲ್ಲಾದರೆ ಅದೇ ಎರಡು ವರ್ಷಕ್ಕೆ ಕಸುಬಿನ ಪ್ರಮಾಣಪತ್ರ ಕೈಸೇರಿರುತ್ತದೆ. ಅಲ್ಲಿಂದ ಮುಂದೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಈ ದಾರಿ ಒಂದು ವರ್ಷ ಉದ್ದ, ಆದರೆ ನಡುವೆ ಕುಳಿತು ಉಸಿರಾಡಲು ಕಟ್ಟೆಯಿದೆ.

ನಮ್ಮ ಅಭಿಪ್ರಾಯ ಇಷ್ಟು. ಉಳಿತಾಯವಿಲ್ಲದ ಮನೆಯವರು ಸರ್ಕಾರಿ ಐ.ಟಿ.ಐ.ಯಿಂದ ಆರಂಭಿಸಲಿ, ಒಂದು ವರ್ಷ ಅಪ್ರೆಂಟಿಸ್ ಆಗಿ ಭತ್ಯೆ ಪಡೆದು, ಮನಸ್ಸಿದ್ದರೆ ಡಿಪ್ಲೊಮಾಕ್ಕೆ ಹೋಗಲಿ. ಮೂರು ವರ್ಷ ತಡೆದುಕೊಳ್ಳಬಲ್ಲ ಅಂಗಡಿಕಾರರು ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಸೀಟು ಸಿಕ್ಕರೆ ಧೈರ್ಯವಾಗಿ ಸೇರಿಸಲಿ. ಕೆಲಸ ಗ್ಯಾರಂಟಿ ಎನ್ನುವ ಖಾಸಗಿ ಕಾಲೇಜಿನ ಜಾಹೀರಾತನ್ನು ನಂಬಿ ಬಡ್ಡಿಸಾಲ ತರುವವರು ಮೊದಲು ಅಲ್ಲಿ ಓದಿ ಹೊರಬಂದ ನಾಲ್ವರನ್ನು ವಿಚಾರಿಸಲಿ: ಈಗೆಲ್ಲಿದ್ದೀರಿ, ಸಂಬಳವೆಷ್ಟು, ಕಾಯಮ್ಮೋ ಕಂತ್ರಾಟೋ?

ಹೆಣ್ಣುಮಕ್ಕಳ ಲೆಕ್ಕ ಬೇರೆ. ಎ.ಐ.ಸಿ.ಟಿ.ಇ.ಯ ಪ್ರಗತಿ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ಡಿಪ್ಲೊಮಾ ವಿದ್ಯಾರ್ಥಿನಿಗೆ ವರ್ಷಕ್ಕೆ 50,000 ರೂಪಾಯಿ ದೊರೆಯುತ್ತದೆ. ಮೂರು ವರ್ಷಕ್ಕೆ ಒಂದೂವರೆ ಲಕ್ಷ. ಹೆಣ್ಣಿಗೇಕೆ ಕರೆಂಟಿನ ಕೆಲಸ ಎನ್ನುವವರು ಈ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಆದರೆ ಲೆಕ್ಕವೆಲ್ಲ ತಂದೆತಾಯಿಗಳ ತಲೆಯ ಮೇಲೆಯೇ ಬೀಳಬಾರದು. 1961ರ ಅಪ್ರೆಂಟಿಸ್ ಕಾಯಿದೆ ಹುಟ್ಟಿದ್ದು ಕೆಲಸ ಕಲಿಸುವುದಕ್ಕೆ, ಅಗ್ಗದ ಆಳುಗಳನ್ನು ಒದಗಿಸುವುದಕ್ಕಲ್ಲ. ಮೋಟಾರು ಬಿಚ್ಚಿ ಕಟ್ಟುವುದನ್ನೂ ಪ್ಯಾನೆಲ್ ನೋಡುವುದನ್ನೂ ಕಲಿಸದೆ ಕಸ ಗುಡಿಸಲು ಹಚ್ಚುವ ಧಣಿಯನ್ನು ಕಾರ್ಮಿಕ ಸಂಘಗಳು ಪ್ರಶ್ನಿಸಬೇಕು. ಗಿರಣಿಯಲ್ಲಿ ಹಗಲು ದುಡಿಯುವ ಹುಡುಗ ಸಂಜೆ ಡಿಪ್ಲೊಮಾ ಓದುವಂತಾಗಬೇಕೆಂದು ನಾವೆಲ್ಲರೂ ಕೂಡಿ ಒತ್ತಾಯಿಸಬೇಕು. ಸಂಜೆಯ ತರಗತಿ ನಡೆದರೆ ಓದಿಗಾಗಿ ಕೂಲಿ ಬಿಡಬೇಕಾಗಿಲ್ಲ. ಖರ್ಚಿನ ಬಾಬಿನ ಅತಿ ದೊಡ್ಡ ಅಂಕಿಯೇ ಅಳಿಸಿಹೋಗುತ್ತದೆ.