‘ನಾವು ಅವರಲ್ಲ’ ಎನ್ನುವ ಮೊದಲು

2001ರ ಸೆಪ್ಟೆಂಬರ್ 15. ಅಮೆರಿಕದ ಅರಿಜೋನಾ ರಾಜ್ಯದ ಮೇಸಾ ಊರು. ಸಿಖ್ಖರಾದ ಬಲ್ಬೀರ್ ಸಿಂಗ್ ಸೋಧಿ ತಮ್ಮ ಪೆಟ್ರೋಲ್ ಬಂಕಿನ ಮುಂದೆ ಹೂಗಿಡ ನೆಡಿಸುತ್ತಿದ್ದರು. ಅಂದೇ ಸಾಮಾನು ತರಲು ಹೋದಾಗ, ನಾಲ್ಕು ದಿನದ ಹಿಂದೆ, ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯಲ್ಲಿ ಸತ್ತವರ ಕುಟುಂಬಗಳಿಗೆಂದು ಇಟ್ಟಿದ್ದ ನಿಧಿಗೆ ಜೇಬಿನಲ್ಲಿದ್ದ ದುಡ್ಡು ಹಾಕಿ ಬಂದಿದ್ದರು. ಒಂದು ಟ್ರಕ್ ಬಂತು. ಒಳಗಿದ್ದವನು ಪೇಟ ನೋಡಿದ, ಗಡ್ಡ ನೋಡಿದ, ಗುಂಡು ಹೊಡೆದ.

‘ಪಾಪ, ಮುಸ್ಲಿಮನೆಂದು ತಪ್ಪು ತಿಳಿದು ಕೊಂದುಬಿಟ್ಟ’ ಎಂದು ಲೋಕ ಮರುಗಿತು. ನಾವೂ ಹಾಗೆಯೇ ಮರುಗಿದೆವು. ಆ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಆಡಿ ನೋಡಿ. ತಪ್ಪು ತಿಳಿದು ಕೊಂದ ಅಂದರೆ, ಸರಿಯಾಗಿ ತಿಳಿದೇ ಕೊಂದಿದ್ದರೆ? ಮುಸ್ಲಿಮನನ್ನೇ ಹುಡುಕಿ ಹೊಡೆದಿದ್ದರೆ ನಮ್ಮ ಮರುಕ ಅಷ್ಟು ಕಡಿಮೆಯಾಗುತ್ತಿತ್ತೆ? ಅದೇ ದಿನ ಆ ಕೊಲೆಗಾರ ಲೆಬನಾನ್ ಮೂಲದ ಒಬ್ಬ ಗುಮಾಸ್ತನ ಮೇಲೂ ಆಫ್ಘನ್ ಕುಟುಂಬವೊಂದರ ಮನೆಯ ಮೇಲೂ ಗುಂಡು ಹಾರಿಸಿದ್ದ. ಅವರು ಬದುಕಿದರು. ಸೋಧಿ ಬದುಕಲಿಲ್ಲ.

‘ನಾವು ಅವರಲ್ಲ, ನಮ್ಮನ್ನು ಬಿಡಿ’ ಎಂದು ಹೇಳಿ ಪಾರಾಗುವ ದಾರಿ ಅಮೆರಿಕದ ಸಿಖ್ಖರಿಗೆ ಆಗ ತೆರೆದೇ ಇತ್ತು. ಆ ದಾರಿ ಹಿಡಿಯಲು ಒಪ್ಪದವರಲ್ಲಿ ವ್ಯಾಲರಿ ಕೌರ್ ಒಬ್ಬರು. ಸೋಧಿ ವ್ಯಾಲರಿಯ ಮನೆಗೆ ಬೇಕಾದವರು, ಆಕೆ ಬಾಯ್ತುಂಬಾ ಅಂಕಲ್ ಎಂದು ಕರೆಯುತ್ತಿದ್ದವರು. ಇಪ್ಪತ್ತು ವರ್ಷದ ಆ ಹುಡುಗಿ ಕ್ಯಾಮೆರಾ ಹಿಡಿದು, ಸಾವಾದ ಮನೆ, ಏಟು ತಿಂದವರ ಮನೆ ಹುಡುಕುತ್ತ ದೇಶವೆಲ್ಲ ಸುತ್ತಿದಳು. ಆಮೇಲೆ ಹಾರ್ವರ್ಡ್‌ನಲ್ಲಿ ಧರ್ಮಗಳನ್ನು ಓದಿ, ಯೇಲ್‌ನಲ್ಲಿ ಕಾನೂನು ಓದಿ ವಕೀಲೆಯಾದರು.

ವಕೀಲಿಕೆಯೇ ಏಕೆ? ಅದಕ್ಕೆ ಅವರ ಅಜ್ಜನ ಕಥೆಯಿದೆ. 2016ರ ಕೊನೆಯ ರಾತ್ರಿ ವಾಷಿಂಗ್ಟನ್ನಿನ ಕಪ್ಪು ಜನರ ಹಳೆಯದೊಂದು ಚರ್ಚಿನಲ್ಲಿ ನಿಂತು ಅವರೇ ಅದನ್ನು ಹೇಳಿದರು. ಅಜ್ಜ ಕೇಹರ್ ಸಿಂಗ್ ಪಂಜಾಬಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂದಿಳಿದಾಗ, ಅಧಿಕಾರಿಗಳು ಪೇಟ ಕಂಡವರೇ ಬಂಧಿಸಿ ತಿಂಗಳುಗಟ್ಟಲೆ ಕೂಡಿಹಾಕಿದರು. ಹೆನ್ರಿ ಮಾರ್ಷಲ್ ಎಂಬ ಬಿಳಿಯ ವಕೀಲ, ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ, 1913ರ ಕ್ರಿಸ್‌ಮಸ್‌ನ ಮುನ್ನಾ ದಿನ ಬಿಡಿಸಿದರು. ಅಜ್ಜ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯಕ್ಕೆ ನಿಂತರು. ಎರಡನೇ ಮಹಾಯುದ್ಧ ಬಂತು. ಜಪಾನಿ ಮೂಲದ ನೆರೆಹೊರೆಯವರನ್ನು ಸರ್ಕಾರ ಹಿಡಿದು ಶಿಬಿರಗಳಿಗೆ ಅಟ್ಟಿತು. ಬೇರೆ ಯಾರೂ ಅತ್ತ ಹೋಗದಿದ್ದಾಗ, ಈ ಸರ್ದಾರಜಿ ಶಿಬಿರಕ್ಕೆ ಹೋಗಿ ಅವರನ್ನು ಕಂಡುಬಂದರು. ಅವರು ಮರಳಿ ಬರುವವರೆಗೆ ಹೊಲ ನೋಡಿಕೊಂಡರು. ಒಬ್ಬ ಬಿಳಿಯ ವಕೀಲನಿಂದ ಪಡೆದದ್ದನ್ನು ಜಪಾನಿ ರೈತನಿಗೆ ತೀರಿಸಿದರು. ನನಗೆ ಗೊತ್ತಿರುವ ಸರ್ವಧರ್ಮ ಸಮನ್ವಯ ಇದೇ. ವೇದಿಕೆಯ ಮೇಲೆ ಮೂವರು ಗುರುಗಳು ಕೈಕೈ ಹಿಡಿದು ತೆಗೆಸಿಕೊಳ್ಳುವ ಫೋಟೊ ಅಲ್ಲ. ನೆರೆಯವನ ಹೊಲಕ್ಕೆ ನೀರು ಕಟ್ಟುವುದು.

ಸೋಧಿಯವರ ಹೆಂಡತಿಯನ್ನು ಕಾಣಲು ವ್ಯಾಲರಿ ಪಂಜಾಬಿಗೂ ಹೋಗಿದ್ದರು. ಅಮೆರಿಕದ ಜನಕ್ಕೆ ಏನು ಹೇಳಬೇಕು ಎಂದು ಕೇಳಿದರು. ಶಾಪವನ್ನೋ ಸಿಟ್ಟನ್ನೋ ನಿರೀಕ್ಷಿಸಿದ್ದವರಿಗೆ ಆ ವಿಧವೆ ಕೊಟ್ಟದ್ದು ಕೃತಜ್ಞತೆ. ಗುರುತು ಪರಿಚಯವಿಲ್ಲದ ಮೂರು ಸಾವಿರ ಜನ ನನ್ನ ಗಂಡನ ಅಂತಿಮ ನಮನಕ್ಕೆ ಬಂದರು, ನನ್ನ ಜೊತೆ ಅತ್ತರು, ಅವರಿಗೆ ಧನ್ಯವಾದ ಹೇಳಿ ಎಂದರು. ಬಂದು ಅತ್ತವರು ಕಾನೂನು ತಿದ್ದಿದವರಲ್ಲ, ಭಾಷಣ ಮಾಡಿದವರೂ ಅಲ್ಲ. ಬಂದರು, ಅಷ್ಟೇ. ನಮ್ಮಲ್ಲೂ ಸಾವಿನ ಮನೆಗೆ ಹೋಗಿ ಬರುವುದು ಎಂಬ ರೂಢಿಯಿದೆಯಲ್ಲ? ಅದು ಬೇರೆ ಧರ್ಮದವರ ಬಾಗಿಲಿಗೆ ಬಂದೊಡನೆ ಏಕೆ ನಿಂತುಹೋಗುತ್ತದೆ?

ಹೋಗಿ ಅತ್ತರೆ ಸಾಲದು, ಲೆಕ್ಕವೂ ಆಗಬೇಕು. 2012ರ ಆಗಸ್ಟ್ 5ರ ಭಾನುವಾರ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿದ ಬಿಳಿ ಜನಾಂಗವಾದಿಯೊಬ್ಬ ಆರು ಮಂದಿಯನ್ನು ಕೊಂದ. ಏಳನೆಯವರು ವರ್ಷಗಟ್ಟಲೆ ಹಾಸಿಗೆ ಹಿಡಿದು 2020ರಲ್ಲಿ ತೀರಿಕೊಂಡರು. ಆಗ ಎಫ್‌ಬಿಐನ ದ್ವೇಷಾಪರಾಧದ ನಮೂನೆಯಲ್ಲಿ ಸಿಖ್ಖರಿಗೆಂದು ಒಂದು ಕಾಲಮ್ಮೂ ಇರಲಿಲ್ಲ. ತಾಯಿಯನ್ನು ಕಳೆದುಕೊಂಡ ಹದಿನೆಂಟರ ಹುಡುಗನೊಬ್ಬ ಸೆನೆಟ್ ಸಮಿತಿಯ ಮುಂದೆ ಕೂತು, ಕೊನೆಯ ಪಕ್ಷ ನಮ್ಮ ಸಾವುಗಳನ್ನು ಎಣಿಸಿ ಎಂದು ಬೇಡಿದ. ವ್ಯಾಲರಿಯೂ ಹಲವು ಸಂಘಟನೆಗಳೂ ಹಟ ಹಿಡಿದು ಕೂತ ಮೇಲೆ 2015ರಿಂದ ಎಣಿಕೆ ಶುರುವಾಯಿತು. ಸಿಖ್ಖರದ್ದು ಮಾತ್ರವಲ್ಲ, ಅರಬರದ್ದು, ಹಿಂದೂಗಳದ್ದು ಕೂಡ. ಡಾಲಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದ ಬಂಧುಗಳೇ, ನಾಳೆ ನಿಮ್ಮ ದೇವಸ್ಥಾನದ ಗೋಡೆಗೆ ಯಾರಾದರೂ ಮಸಿ ಬಳಿದರೆ ಅದು ದಾಖಲಾಗುವ ಕಾಲಮ್ಮು ಒಂದು ಗುರುದ್ವಾರದ ನೆತ್ತರಿನಿಂದ ಬಂದದ್ದು. 2017ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಒಲಾಥೆಯಲ್ಲಿ ಭಾರತದ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು ಕೊಂದವನೂ ಅವರನ್ನು ಇರಾನಿಯೆಂದೇ ಎಣಿಸಿದ್ದ. ಆ ಬಂದೂಕಿನ ಮುಂದೆ ‘ನಾವು ಅವರಲ್ಲ’ ಎಂಬ ಮಾತಿಗೆ ಯಾವ ಬೆಲೆಯೂ ಇರಲಿಲ್ಲ.

ಇದು ದೂರದ ಕಥೆಯೂ ಅಲ್ಲ. ಸಿಖ್ಖರ ಖಾಲ್ಸಾ ಪಂಥ ಹುಟ್ಟಿದ 1699ರಲ್ಲಿ, ಗುರು ಕೇಳಿದಾಗ ತಲೆ ಕೊಡಲು ಎದ್ದುನಿಂತ ಐವರು ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಅದೇ ಬೀದರಿನಲ್ಲಿ, ನಾನಕ್ ಝೀರಾದ ಚಿಲುಮೆಯ ನೀರು ಹರಿಯುವ ಊರಿನಲ್ಲಿ, 1988ರ ಸೆಪ್ಟೆಂಬರಿನಲ್ಲಿ ಓದಲು ಬಂದಿದ್ದ ಆರು ಮಂದಿ ಸಿಖ್ ಹುಡುಗರನ್ನು ಕೊಲ್ಲಲಾಯಿತು. ಓಕ್ ಕ್ರೀಕ್‌ಗೆ ಕಣ್ಣೀರಿಡುವ ನಾವು ಆ ಆರು ಮನೆಗಳನ್ನು ಎಷ್ಟು ನೆನೆದಿದ್ದೇವೆ? ನನ್ನ ತಲೆ ತಗ್ಗುತ್ತದೆ. ನಿಮ್ಮದೂ ತಗ್ಗಲಿ.

ಸೋಧಿ ಸತ್ತು ಹದಿನೈದು ವರ್ಷವಾದ ಮೇಲೆ ಅವರ ತಮ್ಮ ರಾಣಾ ಸಿಂಗ್ ಸೋಧಿ ಮತ್ತು ವ್ಯಾಲರಿ ಜೈಲಿನಲ್ಲಿದ್ದ ಕೊಲೆಗಾರನಿಗೆ ಫೋನ್ ಮಾಡಿದರು. ಮೊದಮೊದಲು ಅವನದು ಜಾರಿಕೆಯ ಮಾತು. ವ್ಯಾಲರಿಗೆ ಸಿಟ್ಟು ನೆತ್ತಿಗೇರಿತು. ರಾಣಾ ಮಾತ್ರ ಕೇಳುತ್ತಲೇ ಇದ್ದರು. ಕೊನೆಗೆ ಅವನು, ದೇವರ ಮುಂದೆ ನಿಂತ ದಿನ ನಿನ್ನ ಅಣ್ಣನನ್ನು ಕಂಡು ಅಪ್ಪಿಕೊಂಡು ಕ್ಷಮೆ ಕೇಳುತ್ತೇನೆ ಎಂದ. ನಾವು ಆಗಲೇ ಕ್ಷಮಿಸಿದ್ದೇವೆ ಎಂದರು ರಾಣಾ. ಅಷ್ಟು ದೊಡ್ಡ ಮನಸ್ಸನ್ನು ನಿಮ್ಮಿಂದ ಕೇಳುವ ಯೋಗ್ಯತೆ ನನಗಿಲ್ಲ. ನಾನು ಕೇಳುವುದು ಚಿಕ್ಕದು.

ನಿಮ್ಮ ಬೀದಿಯಲ್ಲಿ, ನಿಮ್ಮ ವಾಟ್ಸಾಪ್ ಗುಂಪಿನಲ್ಲಿ, ‘ಅವರಿಗೆ ಹಾಗೇ ಆಗಬೇಕು’ ಎಂಬ ಮಾತು ಬಂದಾಗ ಸುಮ್ಮನಿರಬೇಡಿ. ಏಟು ತಿಂದವರು ಠಾಣೆಗೆ ಹೋಗಲು ಹೆದರಿದರೆ ಜೊತೆಗೆ ಹೋಗಿ. ನೀವು ವಕೀಲರಾಗಿದ್ದರೆ ನಿಮ್ಮ ಧರ್ಮದವರಲ್ಲದ ಒಬ್ಬರ ಅರ್ಜಿಯನ್ನು ಈ ವರ್ಷ ಕಾಸಿಲ್ಲದೆ ಬರೆದುಕೊಡಿ. ಮತ್ತೆ, ಹತ್ತಿರದ ಮಸೀದಿ, ಚರ್ಚು, ಗುರುದ್ವಾರ ಎಲ್ಲಿದೆ ಎಂದು ತಿಳಿದುಕೊಳ್ಳಿ. ಈ ಭಾನುವಾರ ಗುರುದ್ವಾರದಿಂದಲೇ ಶುರುಮಾಡಿ. ಅಲ್ಲಿನ ದಾಸೋಹವಾದ ಲಂಗರಿನ ಪಂಕ್ತಿಯಲ್ಲಿ ಯಾರೂ ನಿಮ್ಮ ಜಾತಿ ಕೇಳುವುದಿಲ್ಲ, ದೇವರ ಹೆಸರು ಕೇಳುವುದಿಲ್ಲ. ತಲೆಗೊಂದು ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಕೂತರೆ ಸಾಕು.