ಹಿಮದ ಬೆಟ್ಟಕ್ಕೆ ಯಾವ ಲೆನ್ಸ್?

ಚಳಿಗಾಲದಲ್ಲಿ ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟ ವಿದ್ಯಾರ್ಥಿಯ ಮನೆಯಲ್ಲಿ ಬೂಟು, ಸ್ವೆಟರುಗಳ ಲೆಕ್ಕ ಮುಗಿದ ಮೇಲೆ ಬರುವ ಮಾತು ಕ್ಯಾಮೆರಾದ್ದು. ‘ಕ್ಯಾಮೆರಾ ಇದೆಯಲ್ಲ, ಮತ್ತೊಂದು ಲೆನ್ಸ್ ಯಾಕೆ?’ ಎನ್ನುತ್ತಾರೆ ಅಪ್ಪ. ‘ಅಷ್ಟು ದೊಡ್ಡ ಬೆಟ್ಟ ಇದರಲ್ಲಿ ಹಿಡಿಸೋದಿಲ್ಲಪ್ಪಾ, ಇನ್ನೂ ಅಗಲದ್ದು ಬೇಕು’ ಎನ್ನುತ್ತಾಳೆ ಮಗಳು. ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಮಗಳ ಉತ್ತರ ಮಾತ್ರ ತಿರುಗುಮುರುಗು. ಬೆಟ್ಟ ದೊಡ್ಡದು, ನಿಜ. ಆದರೆ ಅದು ಇರುವುದು ದೂರದಲ್ಲಿ.

ಪ್ರೌಢಶಾಲೆಯಲ್ಲಿ ಓದಿದ ‘ಸಂಗಮ ದೂರ’ ನೆನಪಿದೆಯೇ? ಲೆನ್ಸಿನ ಮೇಲೆ ಬರೆದಿರುವ 18, 55, 200 ಮಿ.ಮೀ. ಎಂಬ ಅಂಕಿಗಳು ಅವೇ. ದೂರದ ವಸ್ತುವಿನ ಬಿಂಬದ ಗಾತ್ರ ಸಂಗಮ ದೂರದ ಜೊತೆಗೇ ಹೆಚ್ಚುತ್ತದೆ. ಒಂದು ಲೆಕ್ಕ ಮಾಡೋಣ. ಶಿಖರ 20 ಕಿ.ಮೀ. ದೂರದಲ್ಲಿದೆ, ಕಣ್ಣಿಗೆ ಕಾಣುವ ಅದರ ಎತ್ತರ 2 ಕಿ.ಮೀ. ಎಂದಿಟ್ಟುಕೊಳ್ಳಿ. ಎತ್ತರವು ದೂರದ ಹತ್ತನೇ ಒಂದು ಪಾಲು. ಹಾಗಾಗಿ ಬಿಂಬವೂ ಸಂಗಮ ದೂರದ ಹತ್ತನೇ ಒಂದು ಪಾಲು. 18ರಲ್ಲಿ ಆ ಬೆಟ್ಟ ಬರೀ 1.8 ಮಿ.ಮೀ.! ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ಅಂದರೆ ಚಿತ್ರದ ಎಂಟನೇ ಒಂದು ಪಾಲು ಮಾತ್ರ ಬೆಟ್ಟ, ಉಳಿದದ್ದೆಲ್ಲ ನೆಲ ಮತ್ತು ಆಕಾಶ. ಅದೇ ಬೆಟ್ಟ 55ರಲ್ಲಿ 5.5, 135ರಲ್ಲಿ 13.5 ಮಿ.ಮೀ. ಆಗಿ ಚೌಕಟ್ಟನ್ನು ತುಂಬುತ್ತದೆ.

ಉತ್ತರಾಖಂಡದ ಕೇದಾರಕಂಠವನ್ನೇ ತೆಗೆದುಕೊಳ್ಳಿ. ಸಾಂಕ್ರಿ ಹಳ್ಳಿಯಿಂದ ಹೊರಟು ಸುಮಾರು 3,800 ಮೀಟರ್ ಎತ್ತರದ ತುದಿ ಮುಟ್ಟುವ ಈ ಹಾದಿಯಲ್ಲಿ ಎರಡು ಬಗೆಯ ಚಿತ್ರಗಳಿವೆ. ಹಿಮ ಹೊತ್ತ ಪೈನ್ ಮರಗಳು, ಡೇರೆ, ಜೊತೆಯವರು ಎಲ್ಲ ಹತ್ತಿರದವು. ಇವಕ್ಕೆ ಕ್ಯಾಮೆರಾದ ಜೊತೆಗೇ ಬರುವ 18-55 ಧಾರಾಳ ಸಾಕು. ತುದಿಯಿಂದ ಕಾಣುವ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ದೂರದವು. ಅವಕ್ಕೆ 55-200 ಅಥವಾ 55-250ರ ಟೆಲಿ ಲೆನ್ಸ್ ಬೇಕು. ಅಗಲದ ನೋಟ ಬೇಕೆನಿಸಿದರೆ ಕಿಸೆಯಲ್ಲಿರುವ ಮೊಬೈಲ್ ಫೋನೇ ಆ ಕೆಲಸ ಮಾಡುತ್ತದೆ.

ಪೋಷಕರಿಗೆ ಸಮಾಧಾನದ ಮಾತೊಂದಿದೆ. ಎಫ್/2.8ರಂಥ ದುಬಾರಿ, ಭಾರದ ಲೆನ್ಸ್ ಇಲ್ಲಿ ಬೇಕಿಲ್ಲ. ಅದರ ಹೆಚ್ಚುಗಾರಿಕೆ ಮಂದ ಬೆಳಕಿನಲ್ಲಿ; ಬಿಸಿಲು ಬಿದ್ದ ಹಿಮದಲ್ಲಿ ಬೆಳಕಿಗೆ ಬರವಿಲ್ಲ, ಎಫ್/8ರಲ್ಲೇ ಚಿತ್ರ ಚೆನ್ನಾಗಿ ಬರುತ್ತದೆ. ಒಂದು ಪ್ರವಾಸಕ್ಕಾಗಿ ಟೆಲಿ ಲೆನ್ಸ್ ಕೊಳ್ಳಲೂಬೇಕಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ನಂಟರಿಷ್ಟರ ಬಳಿ ಇದ್ದರೆ ಅದೂ ಬೇಡ. ನಿಮ್ಮ ಕ್ಯಾಮೆರಾಕ್ಕೆ ಕೂರುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ನಿಕಾನ್ ಲೆನ್ಸ್ ಕ್ಯಾನನ್ ಕ್ಯಾಮೆರಾಕ್ಕೆ ನೇರವಾಗಿ ಕೂರದು.

ಇನ್ನು ಕೆಲವು ಎಚ್ಚರಿಕೆಗಳು. ಹಿಮ ಬೀಳುವಾಗ ಲೆನ್ಸ್ ಬದಲಿಸಬೇಡಿ, ಒಳಗೆ ತೇವ ಸೇರುತ್ತದೆ. ಬೆಳಿಗ್ಗೆ ಡೇರೆಯೊಳಗೇ ಆ ದಿನದ ಲೆನ್ಸ್ ಹಾಕಿಕೊಂಡು ಹೊರಡಿ. ಚಳಿಯಿಂದ ಬೆಚ್ಚನೆಯ ಕೋಣೆಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನೀರಹನಿ ಚೀಲದ ಮೇಲೆ ಕಟ್ಟುತ್ತದೆ, ಗಾಜಿನ ಮೇಲಲ್ಲ. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿಡಿ. ಬಿಳಿ ಹಿಮವನ್ನು ಕ್ಯಾಮೆರಾ ಬೂದುಬಣ್ಣವಾಗಿಸುತ್ತದೆ. ಎಕ್ಸ್‌ಪೋಷರನ್ನು +1ಕ್ಕೆ ಏರಿಸಿದರೆ ಹಿಮ ಹಿಮವಾಗಿಯೇ ಕಾಣುತ್ತದೆ.

ಮೇಲಿನ ಲೆಕ್ಕದಲ್ಲಿ ಅನುಮಾನವಿದ್ದರೆ ಈ ಭಾನುವಾರವೇ ತಾರಸಿ ಹತ್ತಿ. ದೂರದ ನೀರಿನ ಟ್ಯಾಂಕನ್ನು 18ರಲ್ಲೊಮ್ಮೆ, 55ರಲ್ಲೊಮ್ಮೆ ತೆಗೆದು, ಎರಡನ್ನೂ ಒಂದೇ ಗಾತ್ರದಲ್ಲಿ ತೆರೆದು ಅಳತೆಪಟ್ಟಿ ಇಟ್ಟು ನೋಡಿ. ಒಂದಕ್ಕಿಂತ ಇನ್ನೊಂದು ಮೂರು ಪಟ್ಟು ದೊಡ್ಡದಿರುತ್ತದೆ. ಬಾಡಿಗೆ ಹಣ ಕೇಳುವ ಮೊದಲು ಆ ಎರಡು ಚಿತ್ರಗಳನ್ನು ಅಪ್ಪನಿಗೂ ತೋರಿಸಿ.