ಚಿಕ್ಕಲ್ಲೂರಿನ ಹುಣ್ಣಿಮೆಗೆ ಚೆಕ್‌ಪೋಸ್ಟ್, ಜಾತಕದ ಅಂಗಡಿಗೆ ವಿನಾಯಿತಿ

ರಾಜ್ಯದ ಯಾವ ಮೂಲೆಯ ಬಸ್ ನಿಲ್ದಾಣಕ್ಕೆ ಹೋದರೂ ಗೋಡೆಯ ಮೇಲೆ ಕೊಳ್ಳೇಗಾಲದ ಹೆಸರು ಕಾಣುತ್ತದೆ. ಸ್ತ್ರೀ-ಪುರುಷ ವಶೀಕರಣ, ಶತ್ರುಕಾಟ, ಮದುವೆ ವಿಳಂಬ, ಸಂತಾನ ದೋಷ, ಎಲ್ಲಕ್ಕೂ ಫೋನಿನಲ್ಲೇ ಪರಿಹಾರ. ಹಾಗೆ ಬರೆಸಿದವರು ಕೊಳ್ಳೇಗಾಲವನ್ನು ಕಣ್ಣಿನಿಂದ ನೋಡಿರಬೇಕೆಂದೇನೂ ಇಲ್ಲ. ರೇಷ್ಮೆ ನೇಯ್ದು ಬದುಕಿದ ಊರಿನ ಹೆಸರನ್ನು ಭಯ ಮಾರುವವರು ಕದ್ದಿದ್ದಾರೆ. ಡಿಸೆಂಬರ್ ಬಂತೆಂದರೆ ಈ ವ್ಯಾಪಾರಕ್ಕೆ ಸುಗ್ಗಿ. ಧನುರ್ಮಾಸದಲ್ಲಿ ಶುಭಕಾರ್ಯ ಮಾಡಿದರೆ ಏನಾಗುತ್ತದೆ, ಉತ್ತರಾಯಣ ಯಾವ ರಾಶಿಗೆ ಗಂಡಾಂತರ, ಸಂಕ್ರಾಂತಿ ಪುರುಷ ಯಾವ ವಾಹನವೇರಿ ಬರುತ್ತಾನೆ ಎಂದು ಟೀವಿಗಳು ಬೆಳಗಿನಿಂದ ರಾತ್ರಿಯವರೆಗೆ ಹೇಳುತ್ತಲೇ ಇರುತ್ತವೆ. ಇದನ್ನು ಯಾರೂ ತಡೆಯುವುದಿಲ್ಲ.

ಅದೇ ಹೊತ್ತಿಗೆ, ಅದೇ ಕೊಳ್ಳೇಗಾಲ–ಹನೂರು ಸೀಮೆಯ ಚಿಕ್ಕಲ್ಲೂರಿಗೆ ಹೋಗುವ ದಾರಿಗಳಲ್ಲಿ ಪೊಲೀಸರು ನಿಲ್ಲುತ್ತಾರೆ. ಸಿದ್ಧಪ್ಪಾಜಿಯ ಜಾತ್ರೆಗೆ ಹೊರಟವರ ಗಾಡಿ, ಟೆಂಪೊ, ಚೀಲಗಳನ್ನು ತಪಾಸಣೆ ಮಾಡುತ್ತಾರೆ. ಕುರಿ, ಕೋಳಿ ಕಂಡರೆ ವಾಪಸು ಕಳಿಸುತ್ತಾರೆ. ಈ ಕೆಲವು ವರ್ಷಗಳಿಂದ ಇದು ಪ್ರತಿ ಪುಷ್ಯ ಹುಣ್ಣಿಮೆಯ ಜಗಳವಾಗಿದೆ. ಇದರಲ್ಲಿ ಸರ್ಕಾರ ತಪ್ಪು ಮಾಡುತ್ತಿದೆ ಎಂದು ನಾನು ಖಚಿತವಾಗಿ ನಂಬಿದ್ದೇನೆ. ಯಾವುದು ಮೌಢ್ಯ, ಯಾವುದು ಶಾಸ್ತ್ರ ಎಂದು ಅದು ತೂಗುವ ತಕ್ಕಡಿಯಲ್ಲಿ ಜಾತಿಯ ಕಲ್ಲು ಕೂತಿದೆ.

ಚಿಕ್ಕಲ್ಲೂರಿನಲ್ಲಿ ನಡೆಯುವುದೇನು? ಐದು ದಿನದ ಜಾತ್ರೆ ಚಂದ್ರಮಂಡಲದಿಂದ ಶುರುವಾಗುತ್ತದೆ. ಬಿದಿರಿನಲ್ಲಿ ಕಟ್ಟಿ, ಬಟ್ಟೆ ಸುತ್ತಿದ ಮಂಡಲಕ್ಕೆ ಬೊಪ್ಪೇಗೌಡನಪುರದ ಮಠದವರು ಹುಣ್ಣಿಮೆಯ ರಾತ್ರಿ ಕಿಚ್ಚು ಮುಟ್ಟಿಸುತ್ತಾರೆ. ಚಳಿಗಾಲದ ಹುಣ್ಣಿಮೆ ಚಂದ್ರ ನಡುರಾತ್ರಿ ನೆತ್ತಿಯ ಹತ್ತಿರಕ್ಕೇ ಬಂದಿರುತ್ತಾನೆ. ಸೂರ್ಯ ತೆಂಕಣಕ್ಕೆ ಸರಿದ ದಿನಗಳಲ್ಲಿ ಪೂರ್ಣಚಂದ್ರ ಬಡಗಣಕ್ಕೆ ಏರಿರುತ್ತಾನೆ. ಆ ಬೆಳಕಿನಲ್ಲಿ ಸಾವಿರಾರು ಜನ ಜ್ವಾಲೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ದಿಕ್ಕಿನ ಊರುಗಳಿಗೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ಆಮೇಲಿನ ದಿನಗಳಲ್ಲಿ ಮುಡಿಸೇವೆ, ಪಂಕ್ತಿಸೇವೆ. ಬಿಡಾರ ಹೂಡಿದ ಒಕ್ಕಲಿನವರು ಮಾಂಸದಡುಗೆ ಮಾಡಿ, ನೆಂಟರು ಇಷ್ಟರು ದಾರಿಹೋಕರು ಎನ್ನದೆ ಸಾಲಾಗಿ ಕೂರಿಸಿ ಬಡಿಸಿ, ತಾವೂ ಉಣ್ಣುತ್ತಾರೆ. ಈ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಆ ಕಥೆಯಲ್ಲಿ ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಹೊಲಸು ಮೆತ್ತಿಕೊಂಡು ಕಲ್ಯಾಣಕ್ಕೆ ಬಂದು, ಬಾಗಿಲಲ್ಲಿ ತಡೆಸಿಕೊಂಡು, ಒಳಗಿದ್ದವರ ಭಕ್ತಿಯನ್ನೇ ಪರೀಕ್ಷೆ ಮಾಡುತ್ತಾರೆ. ಆಚಾರರ ಮನೆಯ ಕೆಂಪಾಚಾರಿ ಅವರ ಶಿಷ್ಯನಾಗಿ ಸಿದ್ಧಪ್ಪಾಜಿಯಾಗುತ್ತಾನೆ, ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಸಾಲಾಗಿ ಕೂತು ಒಟ್ಟಿಗೆ ಉಣ್ಣುವುದು ಈ ಪರಂಪರೆಗೆ ಅಲಂಕಾರವಲ್ಲ, ಅದರ ಜೀವ.

ದಾರಿಯ ಈ ತಡೆಗೆ ಅಧಿಕಾರಿಗಳು ಮುಂದಿಡುವುದು 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು. ಆ ಕಾಯ್ದೆ ನಿಷೇಧಿಸುವುದು ದೇವರನ್ನು ಒಲಿಸಿಕೊಳ್ಳುವ ಉದ್ದೇಶದಿಂದ, ಸಾರ್ವಜನಿಕ ಪೂಜಾಸ್ಥಳದಲ್ಲಿ ಅಥವಾ ಅದರ ಆವರಣದಲ್ಲಿ ಪ್ರಾಣಿ ಕೊಲ್ಲುವುದನ್ನು. ಸಿದ್ಧಪ್ಪಾಜಿಯ ಗದ್ದುಗೆಯ ಮುಂದೆ ಯಾರಾದರೂ ಕೊಂದರೆ ಕೇಸು ಹಾಕಲಿ, ನನ್ನ ತಕರಾರಿಲ್ಲ. ಆದರೆ ಹೊಲದಂಚಿನ ಬಿಡಾರದಲ್ಲಿ ಉಣ್ಣಲಿಕ್ಕೆಂದು ಮಾಡುವ ಅಡುಗೆ ಈ ಕಾಯ್ದೆಯೊಳಗೆ ಹೇಗೆ ಬಂತು? ಗದ್ದುಗೆಗೆ ಬಲಿ ಕೊಡುವುದಿಲ್ಲ, ಮಾಡಿ ಉಣ್ಣುತ್ತೇವೆ ಎಂದು ಒಕ್ಕಲಿನವರು ಹೇಳುತ್ತಲೇ ಬಂದಿದ್ದಾರೆ. ರಸ್ತೆಯಲ್ಲೇ ಕೋಳಿ ಹಿಡಿದು ವಾಪಸು ಕಳಿಸುವವರು ಅಪರಾಧ ನಡೆಯುವ ಮೊದಲೇ ಇಡೀ ಸಮುದಾಯವನ್ನು ಅಪರಾಧಿಯೆಂದು ತೀರ್ಮಾನಿಸಿದ್ದಾರೆ.

ಇನ್ನೊಂದು ಕಾಯ್ದೆಯನ್ನೂ ನೋಡಿ. ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಗೆ 2017ರಲ್ಲಿ ಕಾಯ್ದೆ ಮಾಡಿದೆವು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಒಳ್ಳೆಯ ಕಾಯ್ದೆ, ಎಷ್ಟೋ ಜನ ಹೋರಾಡಿ ತಂದದ್ದು. ಆದರೆ ಜ್ಯೋತಿಷ್ಯ ಮತ್ತು ವಾಸ್ತುವಿನ ಸಲಹೆಯನ್ನು ಅದರಿಂದ ಹೊರಗಿಟ್ಟರು. ಗ್ರಹದೋಷದ ಹೆದರಿಕೆ ಹುಟ್ಟಿಸಿ ದುಡ್ಡು ಪಡೆದವನಿಗೆ ಕಾಯ್ದೆಯೇ ನೆರಳು ಕೊಟ್ಟಿತು.

ಶಾಸ್ತ್ರವೆಂದು ಗೌರವ ಪಡೆದ ಈ ಲೆಕ್ಕವಾದರೂ ಆಕಾಶಕ್ಕೆ ತಾಳೆಯಾಗುತ್ತದೆಯೇ? ಸೂರ್ಯ ಬಡಗಣಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಕೊಳ್ಳೇಗಾಲದಲ್ಲಿ ಅಂದು ಹಗಲು ಸುಮಾರು ಹನ್ನೊಂದೂವರೆ ತಾಸು, ಮರುದಿನದಿಂದ ಬೆಳೆಯತೊಡಗುತ್ತದೆ. ಪಂಚಾಂಗದವರು ಉತ್ತರಾಯಣ ಪುಣ್ಯಕಾಲವೆನ್ನುವುದು ಜನವರಿ 14–15ರ ಮಕರ ಸಂಕ್ರಾಂತಿಗೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಇವೆರಡೂ ದೂರವಾಗುತ್ತಾ ಬಂದಿವೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಕೂಡುತ್ತಿದ್ದವು. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನೆಲ್ಲ ಪರಿಶೀಲಿಸಿ 1955ರಲ್ಲಿ ವರದಿ ಕೊಟ್ಟಿತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಮುಹೂರ್ತ ಇಡುವವರು ಅದನ್ನು ಒಪ್ಪಿಕೊಳ್ಳಲಿಲ್ಲ. ಸಂಕ್ರಾಂತಿ ಬೇಡವೆಂದು ನಾನು ಹೇಳುತ್ತಿಲ್ಲ. ಎಳ್ಳು ಬೆಲ್ಲ ಹಂಚುವುದಕ್ಕೆ, ಎತ್ತುಗಳಿಗೆ ಕಿಚ್ಚು ಹಾಯಿಸುವುದಕ್ಕೆ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಚಿಕ್ಕ ಜಾತ್ರೆಗೆ ಹತ್ತುವುದಕ್ಕೆ ಈ ಅಂತರದ ಲೆಕ್ಕ ಬೇಕಿಲ್ಲ. ಆದರೆ ಮೂರು ವಾರದಷ್ಟು ಹಿಂದುಳಿದ ಲೆಕ್ಕವನ್ನು ಹಿಡಿದು ಒಬ್ಬ ಹುಡುಗಿಯ ಮದುವೆಯನ್ನು ತಿಂಗಳುಗಟ್ಟಲೆ ಮುಂದೂಡುವಾಗ, ಬಡವನ ಕೈಲಿ ಶಾಂತಿ ಹೋಮ ಮಾಡಿಸುವಾಗ, ಪ್ರಶ್ನೆ ಕೇಳಲೇಬೇಕು.

2026ರ ಪುಷ್ಯ ಹುಣ್ಣಿಮೆ ಜನವರಿ 3ಕ್ಕೆ ಬಂತು. ಶುಭಕಾರ್ಯಕ್ಕೆ ಆಗದೆಂದು ಪಂಚಾಂಗ ದೂರವಿಟ್ಟ ಧನುರ್ಮಾಸದ ನಡುವೆಯೇ ಚಿಕ್ಕಲ್ಲೂರಿನ ಒಕ್ಕಲಿನವರು ತಮ್ಮ ವರ್ಷದ ದೊಡ್ಡ ಹಬ್ಬಕ್ಕೆ ಸೇರುವ ದಿನ ಅದು. ಅವರ ಆಕಾಶ ಬೇರೆ. ಅದರಲ್ಲಿ ಕೆಟ್ಟ ತಿಂಗಳಿಲ್ಲ.

ವಿಚಾರವಾದಿ ಗೆಳೆಯರ ಆಕ್ಷೇಪಣೆ ನನಗೆ ಗೊತ್ತು: ಉರಿ ನೋಡಿ ಮಳೆ ಹೇಳುವುದೂ ಮೂಢನಂಬಿಕೆಯೇ ಅಲ್ಲವೇ? ಉರಿ ಮಳೆಯನ್ನು ಹೇಳುವುದಿಲ್ಲ, ನಿಜ. ಜನವರಿಯ ಗಾಳಿ ಬೀಸಿದ ಕಡೆಗೆ ಜ್ವಾಲೆ ವಾಲುತ್ತದೆ. ಹನೂರಿನ ರಾಗಿ, ಜೋಳ, ಹುರುಳಿಯ ಹೊಲಗಳಿಗೆ ಬರುವ ಮಳೆ ತಿಂಗಳುಗಳಾಚೆ ಕಡಲಿನ ಮೇಲೆ ತೀರ್ಮಾನವಾಗುತ್ತದೆ. ಬಿತ್ತನೆಗೆ ರೈತ ಹವಾಮಾನ ಇಲಾಖೆಯ ಮಾತನ್ನೇ ಕೇಳಬೇಕು. ಆದರೆ ನಂಬಿಕೆಗಳಲ್ಲಿ ಯಾವುದಕ್ಕೆ ಪೊಲೀಸರು ಬೇಕು ಎಂದು ನಿರ್ಧರಿಸುವಾಗ ನಾನು ಕೇಳುವುದು ಒಂದೇ: ಅದರಿಂದ ಯಾರು ಹೆದರುತ್ತಾರೆ, ಆ ಹೆದರಿಕೆಯ ದುಡ್ಡು ಯಾರ ಜೇಬಿಗೆ ಹೋಗುತ್ತದೆ? ಚಂದ್ರಮಂಡಲ ಯಾರ ಜನ್ಮ ನಕ್ಷತ್ರವನ್ನೂ ಕೇಳುವುದಿಲ್ಲ. ಉರಿ ತಮ್ಮ ಕಡೆ ವಾಲದ ಊರಿನವರಿಗೆ ಯಾರೂ ಪರಿಹಾರದ ಪಟ್ಟಿ ಕೊಟ್ಟು ದಕ್ಷಿಣೆ ಕೇಳುವುದಿಲ್ಲ. ಮಾರನೇ ದಿನ ಎಲ್ಲ ದಿಕ್ಕಿನವರೂ ಅಲ್ಲೇ ಇರುತ್ತಾರೆ.

ಜ್ಯೋತಿಷ್ಯದ ಭಯ ಏನು ಮಾಡುತ್ತದೆಂದು ಚಿಕ್ಕಲ್ಲೂರು ಇರುವ ಚಾಮರಾಜನಗರ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಮಾತಿಗೆ ಹೆದರಿ ಆಳುವವರಲ್ಲಿ ಹಲವರು ಜಿಲ್ಲಾ ಕೇಂದ್ರಕ್ಕೆ ಬರಲಿಲ್ಲ. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಅದರ ಉದ್ಘಾಟನೆಯೂ ಮಲೆ ಮಹದೇಶ್ವರ ಬೆಟ್ಟದಲ್ಲೇ ನಡೆಯಿತು. ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ 2013ರಿಂದ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಆಳಿದರು. ಎರಡನೇ ಅವಧಿಯಲ್ಲಿ, 2025ರ ಏಪ್ರಿಲ್‌ನಲ್ಲಿ, ಮಹದೇಶ್ವರ ಬೆಟ್ಟದಲ್ಲಿ ಸಚಿವ ಸಂಪುಟದ ಸಭೆಯನ್ನೂ ನಡೆಸಿದರು. ಮೌಢ್ಯಕ್ಕೆ ಬೆನ್ನು ತಿರುಗಿಸಿದ ಸರ್ಕಾರವೇ ಚಿಕ್ಕಲ್ಲೂರಿನ ದಾರಿಯಲ್ಲಿ ಬ್ಯಾರಿಕೇಡ್ ಇಡುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ಪ್ರಾಣಿದಯೆಯ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ತುಂಬಿದ ಜಾತ್ರೆಯಲ್ಲಿ ಪ್ರಾಣಿಗಳನ್ನು ಹಿಂಸೆಯಾಗುವಂತೆ ಸಾಗಿಸುವುದು, ತ್ಯಾಜ್ಯವನ್ನು ನೀರಿಗೆ ಬಿಡುವುದು ತಪ್ಪು. ಅದಕ್ಕೆ ಬೇಕಾದದ್ದು ಪಶುವೈದ್ಯರು. ಮುಂದಿನ ಪುಷ್ಯ ಹುಣ್ಣಿಮೆಗೆ ಜಿಲ್ಲಾಡಳಿತ ಗದ್ದುಗೆಯಿಂದ ದೂರದಲ್ಲಿ ಅಡುಗೆಗೆ, ಕೊಯ್ಯುವುದಕ್ಕೆ ಜಾಗ ಗುರುತು ಮಾಡಲಿ. ಅಲ್ಲಿ ನೀರು, ಬೆಳಕು, ತ್ಯಾಜ್ಯದ ಗುಂಡಿ ಇರಲಿ. ಐದು ದಿನ ಬಿಡಾರದಲ್ಲಿ ಮಲಗುವ ಹೆಂಗಸರಿಗೆ ಬಾಗಿಲಿರುವ ಶೌಚಾಲಯ, ಕೊಳ್ಳೇಗಾಲ ಹನೂರುಗಳಿಂದ ರಾತ್ರಿಯೂ ಓಡುವ ಬಸ್ಸು ಇರಲಿ. ಈ ಏರ್ಪಾಡನ್ನು ಮಠದವರು, ನೀಲಗಾರರು, ಒಕ್ಕಲಿನ ಹಿರಿಯರನ್ನು ಕೂರಿಸಿಕೊಂಡು ಡಿಸೆಂಬರ್‌ಗೆ ಮೊದಲೇ ಬರೆದು ಪ್ರಕಟಿಸಲಿ. ಶಾಸಕರು ವಿಧಾನಸಭೆಯಲ್ಲಿ 2017ರ ಕಾಯ್ದೆಗೆ ತಿದ್ದುಪಡಿ ಕೇಳಲಿ: ದೋಷವಿದೆಯೆಂದು ಹೆದರಿಸಿ ಪರಿಹಾರಕ್ಕೆ ಹಣ ಪಡೆಯುವುದು ಶಿಕ್ಷಾರ್ಹವಾಗಲಿ. ಚೆಕ್‌ಪೋಸ್ಟಿನಿಂದ ಬಿಡುವಾದ ಪೊಲೀಸರು ಕೊಳ್ಳೇಗಾಲದ ಹೆಸರು ಹಾಕಿದ ಆ ಫೋನ್ ನಂಬರುಗಳಿಗೆ ಒಮ್ಮೆ ಕರೆ ಮಾಡಲಿ.